ಗಂಗವ್ವನ ಸುಣ್ಣದ ಕಲ್ಲು, ನಮ್ಮವರ ಕ್ಯಾಮೆರಾ

ರೋಹಿಣಿ ಮಳೆಯ ಹೊತ್ತಿನ ಒಂದು ಭಾನುವಾರ. ಮಳೆಯ ಸುಳಿವಿಲ್ಲ, ನೆತ್ತಿ ಸುಡುವ ಬಿಸಿಲು. ನಮ್ಮ ಮನೆಯವರು ಹತ್ತಿಮತ್ತೂರಿನ ಒಂದು ಹೊಲದಲ್ಲಿ ಮಂಡಿಯೂರಿ ಕೂತು ಆಡಿನ ಹಿಕ್ಕೆ ಹರಡುತ್ತಿದ್ದರು.

ಸುಮ್ಮನೆ ಎರಚುತ್ತಿರಲಿಲ್ಲ. ಒಂದೊಂದನ್ನೇ ಬೆರಳಲ್ಲಿ ಹಿಡಿದು ಇಲ್ಲೊಂದು ಅಲ್ಲೊಂದು ಇಟ್ಟು, ತಲೆ ಓರೆ ಮಾಡಿ ನೋಡಿ, ಮತ್ತೆ ಸರಿಪಡಿಸುತ್ತಿದ್ದರು. ಶಿಗ್ಗಾಂವದ ಕಾಲೇಜಿನಲ್ಲಿ ಕೆಮಿಸ್ಟ್ರಿ ಕಲಿಸುವ ಮನುಷ್ಯ. ಮನೆಯಲ್ಲಿ ತಾವು ಉಂಡ ತಟ್ಟೆಯನ್ನು ಎತ್ತಿಟ್ಟವರಲ್ಲ. ನಾನೋ, ಸೆರಗು ಸೊಂಟಕ್ಕೆ ಸಿಕ್ಕಿಸಿ ಒಣಗಿದ ಜೋಳದ ಕೂಳೆಯನ್ನು ಬೊಗಸೆ ತುಂಬ ತಂದು ಅವರ ಪಕ್ಕದಲ್ಲಿ ಸುರಿಯುತ್ತಿದ್ದೆ. ಹೊಲದ ಒಡೆಯನ ತಾಯಿ ಗಂಗವ್ವ ಬದುವಿನ ಮೇಲೆ ನಿಂತು ನಮ್ಮಿಬ್ಬರನ್ನೂ ನೋಡುತ್ತಿದ್ದರು.

ಇವರಿಗೆ ತಲೆ ಕೆಟ್ಟಿದೆ ಅಂದುಕೊಂಡಿರಬೇಕು. ಅವರ ಜಾಗದಲ್ಲಿ ನಾನಿದ್ದರೂ ಹಾಗೆಯೇ ಅಂದುಕೊಳ್ಳುತ್ತಿದ್ದೆ.

ಈ ಅಂಕಣ ಓದುವವರಿಗೆ ನಮ್ಮವರ ಕ್ಯಾಮೆರಾ ಹೊಸದೇನಲ್ಲ. ನಮ್ಮ ಬಚ್ಚಲುಮನೆ ವಾರದಲ್ಲಿ ಎರಡು ರಾತ್ರಿ ಡಾರ್ಕ್‌ರೂಮ್ ಆಗುತ್ತದೆ ಎಂಬುದೂ, ಆ ರಾತ್ರಿಗಳಲ್ಲಿ ಮನೆಮಂದಿ ಕೈಕಾಲು ತೊಳೆಯಲು ಹಿತ್ತಲಿಗೆ ಹೋಗಬೇಕು ಎಂಬುದೂ ನಿಮಗೆ ಗೊತ್ತು. ಗೊತ್ತಿಲ್ಲದ್ದು ಇಷ್ಟೇ: ಫೋಟೋ ತೊಳೆದ ಮೇಲೆ ಉಳಿಯುವ ಹೈಪೊ ನೀರನ್ನು ನಮ್ಮವರು ಹಿತ್ತಲ ಕರಿಬೇವಿನ ಬುಡಕ್ಕೆ ಸುರಿಯುತ್ತಿದ್ದರು. ಗಿಡ ಮೊದಲು ಹಳದಿಯಾಯಿತು. ಆಮೇಲೆ ಒಣಗಿತು. ಕೇಳಿದರೆ, ಬೇರಿಗೆ ಹುಳ ಬಿದ್ದಿರಬೇಕು ಅಂದರು. (ಕೆಮಿಸ್ಟ್ರಿ ಕಲಿಸುವವರು, ಮತ್ತೊಮ್ಮೆ ಹೇಳುತ್ತಿದ್ದೇನೆ.)

ಅವರೊಬ್ಬರೇ ಅಲ್ಲ. ಕ್ಯಾಮೆರಾ ಇರುವ ಏಳೆಂಟು ಗೆಳೆಯರ ಒಂದು ಗುಂಪಿದೆ. ಭಾನುವಾರ ಬಂತೆಂದರೆ ಹೆಗಲಿಗೆ ಚೀಲ, ತಲೆಗೆ ಟೊಪ್ಪಿಗೆ. ಪ್ರಕೃತಿಯ ಮೇಲೆ ಇವರಿಗಿರುವಷ್ಟು ಪ್ರೀತಿ ಬೇರೆ ಯಾರಿಗೂ ಇಲ್ಲ ಎಂದು ಅವರೇ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ನಾನೂ ನಂಬಿದ್ದೆ. ಆಮೇಲೆ ಒಂದೆರಡು ಸಲ ಬುತ್ತಿ ಕಟ್ಟಿಕೊಂಡು ಅವರ ಜೊತೆ ಹೋದೆ.

ಸವಣೂರಿನ ಆ ಆನೆಗಾತ್ರದ, ದೊಡ್ಡ ಹುಣಸೆ ಎಂದು ಕರೆಯುವ ಬಾವೊಬಾಬ್ ಮರಗಳನ್ನು ನೀವು ನೋಡಿದ್ದೀರಿ. ಹತ್ತು ಜನ ಕೈ ಹಿಡಿದರೂ ತಬ್ಬಲಾಗದ ಬೊಡ್ಡೆ. ನಮ್ಮ ಗುಂಪು ಅಲ್ಲಿಗೆ ಹೋದಾಗ ಒಬ್ಬರಿಗೆ ಫ್ರೇಮಿನಲ್ಲಿ ಒಂದು ಟೊಂಗೆ ಅಡ್ಡ ಬಂತು. ಏನು ಮಾಡಿದರು? ತಾವು ಪಕ್ಕಕ್ಕೆ ಸರಿದರೇ? ಇಲ್ಲ. ಟೊಂಗೆಯನ್ನೇ ಮುರಿದರು. ನೂರಾರು ವರ್ಷ ಅಲ್ಲಿ ನಿಂತ ಮರ ಸರಿಯಬೇಕು, ಬೆಳಗಿನ ಬಸ್ಸಿಗೆ ಬಂದಿಳಿದ ಇವರು ಸರಿಯಬಾರದು.

ಹಿರೇಕೆರೂರಿನ ಕೆರೆಯ ದಂಡೆಯಲ್ಲಿ ಇನ್ನೊಂದು. ನೀರಿನ ಮೇಲೆ ಹಕ್ಕಿಗಳು ತಮ್ಮ ಪಾಡಿಗೆ ತಾವು ಕೂತಿದ್ದವು. ಕೂತ ಹಕ್ಕಿಯ ಫೋಟೋ ಎಲ್ಲರ ಹತ್ತಿರವೂ ಇದೆಯಂತೆ, ಹಾರುವ ಹಕ್ಕಿ ಬೇಕಂತೆ. ಒಬ್ಬರು ಕಲ್ಲು ಬೀಸಿದರು, ಉಳಿದವರು ಕ್ಲಿಕ್ ಮಾಡಿದರು. ಹಕ್ಕಿಗಳು ಮತ್ತೆ ಇಳಿದಾಗ ಇನ್ನೊಂದು ಕಲ್ಲು. ಹೊರಡುವಾಗ ನೋಡಿದರೆ ದಂಡೆಯ ಮೇಲೆ ಫಿಲ್ಮ್ ಸುತ್ತಿದ ಬೆಳ್ಳಿ ಕಾಗದ, ಸಿಗರೇಟಿನ ತುಂಡು, ಸುಟ್ಟು ಬಿಸಾಡಿದ ಫ್ಲ್ಯಾಶ್ ಬಲ್ಬು. ಅದು ಗಾಜು, ಸ್ವಾಮಿ. ಸಂಜೆ ಅಲ್ಲಿಗೆ ನೀರು ಕುಡಿಯಲು ಬರುವ ದನಕ್ಕೆ ಚಪ್ಪಲಿ ಹೊಲಿಸಿದ್ದೀರಾ?

ಬಲ್ಬುಗಳನ್ನು ನಾನೇ ಬುತ್ತಿ ಡಬ್ಬಿಗೆ ತುಂಬಿಕೊಂಡು ಬಂದೆ. ಗುಂಪಿನವರು ನಕ್ಕರು. ಇರಲಿ. ನಮ್ಮ ಕಥೆ ಹತ್ತಿಮತ್ತೂರಿನದು.

ಚನ್ನಬಸಪ್ಪ ನಮ್ಮವರ ಹಳೆಯ ವಿದ್ಯಾರ್ಥಿ. ಡಿಗ್ರಿ ಮುಗಿಸಿ ಊರಿಗೆ ಮರಳಿ ಮನೆತನದ ಹೊಲ ನೋಡಿಕೊಳ್ಳುತ್ತಿದ್ದಾನೆ. ಶಿಗ್ಗಾಂವದ ಸಂತೆಯಲ್ಲಿ ಸಿಕ್ಕವನು, ಸರ ಹಕ್ಕಿ ಫೋಟೋ ತೆಗೆಯುತ್ತಾರೆಂದು ಯಾರಿಂದಲೋ ಕೇಳಿ, ನಮ್ಮ ಹೊಲದಲ್ಲಿ ಟಿಟ್ಟಿಭ ತತ್ತಿ ಇಟ್ಟಿದೆ ಬರ್ರಿ ಎಂದು ಕರೆದ. ಗುಂಪಿನವರಿಗೆ ಸುಳಿವು ಕೊಡದೆ ನಾವಿಬ್ಬರೇ ಹೊರಟೆವು. (ಪ್ರಕೃತಿ ಪ್ರೇಮಿಗಳಲ್ಲಿ ಪರಸ್ಪರ ನಂಬಿಕೆ ಅಷ್ಟಕ್ಕಷ್ಟೇ.)

ಟಿಟ್ಟಿಭ ಮರದಲ್ಲಿ ಗೂಡು ಕಟ್ಟುವ ಹಕ್ಕಿಯಲ್ಲ. ಬಯಲು ನೆಲದಲ್ಲಿ ಒಂದು ಸಣ್ಣ ತಗ್ಗು, ಸುತ್ತ ನಾಲ್ಕು ಹರಳು, ಒಂದಿಷ್ಟು ಆಡಿನ ಹಿಕ್ಕೆ, ಆಯಿತು ಬಾಣಂತಿ ಕೋಣೆ. ತತ್ತಿಗಳೂ ಮಣ್ಣಿನದೇ ಬಣ್ಣ, ಮೇಲೆ ಕಪ್ಪು ಚುಕ್ಕೆ. ಚನ್ನಬಸಪ್ಪ ಬೆರಳು ಮಾಡಿ ತೋರಿಸಿದ ಮೇಲೂ ನನಗೆ ಕಾಣಲಿಲ್ಲ. ಕಂಡಾಗ ಮೈ ಜುಮ್ಮೆಂದಿತು. ಕಾಲಿನ ಮುಂದೆಯೇ ನಾಲ್ಕು ತತ್ತಿ, ಚೂಪು ತುದಿ ಒಳಗೆ ಮಾಡಿಕೊಂಡು ಮಲಗಿದ್ದವು.

ಇಡೀ ಹೊಲವನ್ನು ಬಿತ್ತಿಗೆಗೆ ಹರಗಿ ಹದ ಮಾಡಿದ್ದರು. ತತ್ತಿ ಇದ್ದ ಕಡೆ ಮಾತ್ರ ಒಂದು ಚಾಪೆಯಷ್ಟು ಜಾಗದಲ್ಲಿ ಹಳೆಯ ಜೋಳದ ಕೂಳೆ ಹಾಗೇ ನಿಂತಿತ್ತು. ಅದು ಆ ಮನೆಯ ರೂಢಿಯಂತೆ. ಹಕ್ಕಿ ಕೂತ ಜಾಗ ಬಂದರೆ ಕುಂಟೆ ಎತ್ತಿಕೊಂಡು ಆಚೆ ಇಡುತ್ತಾರೆ, ಬಿತ್ತುವಾಗ ಕೂರಿಗೆಯನ್ನೂ ಎತ್ತುತ್ತಾರೆ. ಯಾಕೆ ಎಂದು ನಾನು ಕೇಳಿದೆ. ನಮ್ಮ ಮಾವ ಹಾಗೆ ಮಾಡುತ್ತಿದ್ದರು, ನಾವೂ ಮಾಡುತ್ತೇವೆ ಅಂದರು ಗಂಗವ್ವ. ಅಷ್ಟೇ ಕಾರಣ. ಕಾರಣ ಎಷ್ಟಿದ್ದರೆ ಸಾಕು ಎಂಬುದು ಅವರಿಗೆ ಗೊತ್ತಿತ್ತು.

ಚನ್ನಬಸಪ್ಪನ ಹೆಂಡತಿ ನೀಲವ್ವ ಬಸುರಿ, ಏಳನೆಯ ತಿಂಗಳು. ಮನೆ ಹೊಲದ ಅಂಚಿನಲ್ಲೇ ಇರುವುದರಿಂದ ಮಧ್ಯಾಹ್ನ ಗಂಡನಿಗೆ ಬುತ್ತಿ ತರುವವಳು ಅವಳೇ. ಬದುವಿನ ಮೇಲೆ ಕೂತು ದಿನಾ ಆ ಹಕ್ಕಿಯನ್ನು ನೋಡುತ್ತಿದ್ದಳು. ಅವಳು ಬಂದರೆ ಹಕ್ಕಿ ಏಳುವುದನ್ನೇ ಬಿಟ್ಟಿತ್ತಂತೆ. ಉರಿಬಿಸಿಲಿನಲ್ಲಿ ಅದು ಹೊಂಡಕ್ಕೆ ಹೋಗಿ ಎದೆ ತೋಯಿಸಿಕೊಂಡು ಬಂದು ತತ್ತಿಗಳ ಮೇಲೆ ಕೂರುವುದನ್ನು ಅವಳು ನನಗೆ ತನ್ನ ಓರಗಿತ್ತಿಯ ಸುದ್ದಿ ಹೇಳುವಂತೆ ಹೇಳಿದಳು. ಮೊದಲು ಯಾರು ಹಡೆಯುತ್ತೀರಿ ನೋಡೋಣ ಎಂದು ಅತ್ತೆ ದಿನಾ ಚಾಷ್ಟಿ ಮಾಡುತ್ತಾರಂತೆ. ಹೇಳಿ ನಾಚಿಕೊಂಡಳು.

ನಮ್ಮವರು ಅಷ್ಟರಲ್ಲಿ ಕ್ಯಾಮೆರಾಕ್ಕೆ ಕಣ್ಣು ಹಚ್ಚಿ, ದೂರದಿಂದಲೇ ಒಂದೆರಡು ತೆಗೆದು, ತೃಪ್ತಿಯಾಗದೆ ಗೊಣಗಿದರು.

‘ಚಂದ ಅದ. ಆದ್ರ ಈ ಕಸ ಎಲ್ಲಾ ಅಡ್ಡ ಬರ್ತದ ನೋಡು.’

ನನಗೆ ಹೇಳಿದ್ದು. ಉತ್ತರ ಬೇಕಾಗಿರದ ಮಾತು. ಮುಂದಿನ ಭಾನುವಾರ ದೊಡ್ಡ ಲೆನ್ಸ್ ತರುತ್ತೇನೆ ಎಂದು ಹೇಳಿ, ಅವರ ಮನೆಯಲ್ಲಿ ರೊಟ್ಟಿ ಉಂಡು, ಸವಣೂರಿನಲ್ಲಿ ಬಸ್ಸು ಬದಲಿಸಿ ಊರಿಗೆ ಬಂದೆವು.

ಮುಂದಿನ ಭಾನುವಾರ ಹೋಗಿ ನೋಡುತ್ತೇವೆ, ಹೊಲದ ನಡುವೆ ತಾಲ್ಲೂಕು ಕಚೇರಿಯ ಕೈತೋಟ.

ಕೂಳೆ ಇಲ್ಲ. ಹರಳಿಲ್ಲ. ಹಿಕ್ಕೆ ಒಂದೂ ಇಲ್ಲ. ಚಾಪೆಯಷ್ಟು ಜಾಗವನ್ನು ಪೊರಕೆ ಹಿಡಿದು ಗುಡಿಸಿ ಅಂಗಳ ಮಾಡಿದ್ದರು. ಸುತ್ತಲೂ ಸಾಲಾಗಿ ಮುಷ್ಟಿ ಗಾತ್ರದ ಕಲ್ಲು, ಒಂದೊಂದಕ್ಕೂ ಸುಣ್ಣ. ನಡುವೆ ನಾಲ್ಕು ತತ್ತಿ, ಬಸ್ಸಿನಿಂದಲೂ ಕಾಣುವ ಹಾಗೆ. ಗಂಗವ್ವ ಇಳಕಲ್ ಸೀರೆ ಉಟ್ಟು, ಕೈ ಕಟ್ಟಿಕೊಂಡು, ನಾವು ಏನಾದರೂ ಹೇಳಲಿ ಎಂದು ಕಾಯುತ್ತಿದ್ದರು. ಕಲ್ಲುಗಳನ್ನು ಹಿಂದಿನ ದಿನವೇ ಮನೆಯಲ್ಲಿ ಸುಣ್ಣಕ್ಕೆ ಅದ್ದಿ ಒಣಗಿಸಿದ್ದರಂತೆ. ಗುಡಿಸಿದ್ದು ಆಗ ತಾನೆ, ನಮ್ಮ ಬಸ್ಸು ಬರುವ ಹೊತ್ತು ನೋಡಿಕೊಂಡು. ಗುಡಿಸುವಾಗ ತಲೆಯ ಮೇಲೆ ಹಾರಿ ಹಾರಿ ಕಿರುಚುತ್ತಿದ್ದ ಹಕ್ಕಿಗೆ, ಸುಮ್ಮನಿರವ್ವ, ನಿನ್ನ ಫೋಟೋನೇ ತೆಗೀತಾರ ಎಂದು ಸಮಾಧಾನವನ್ನೂ ಹೇಳಿದ್ದರಂತೆ.

ನಗು ಬರುತ್ತದೆಯೇ? ನನಗೂ ಬಂತು. ಆದರೆ ನಮ್ಮ ಕಡೆ ಫೋಟೋ ಎಂದರೆ ಏನು ಹೇಳಿ. ಹೊಸ ಸೀರೆ, ಎಣ್ಣೆ ಹಚ್ಚಿ ಬಾಚಿದ ತಲೆ, ಹಿಂದೆ ಸ್ಟುಡಿಯೋದವನ ಪರದೆ. ಮದುವೆಗೊಂದು, ಮಗು ಹುಟ್ಟಿದರೊಂದು. ಫೋಟೋಕ್ಕೆ ಕೊಳೆಯಾಗಿ ಯಾರಾದರೂ ಕೂರುತ್ತಾರೆಯೇ? ಮನೆಗೆ ಬಂದ ಸರ ಬಾಯಿ ಬಿಟ್ಟು ಹೇಳಿ ಹೋಗಿದ್ದಾರೆ, ಕಸ ಅಡ್ಡ ಬರುತ್ತದೆ ಎಂದು. ಅಂದ ಮೇಲೆ ಆ ಮನೆಯಲ್ಲಿ ಅದು ಕೆಲಸ. ಅತಿಥಿ ಗೊಣಗಿದ್ದೂ ಅಪ್ಪಣೆಯೇ.

ನಮ್ಮವರ ಮುಖ ನೋಡಿದೆ. ತಪ್ಪಾಗಿದೆ ಎಂದು ಅವರಿಗೆ ಗೊತ್ತಾಯಿತು. ಗೊತ್ತಾದ ಕ್ಷಣದಲ್ಲೇ ಇನ್ನೊಂದೂ ಗೊತ್ತಾಯಿತು: ಇಂಥ ಫ್ರೇಮ್ ಮತ್ತೆ ಸಿಗುವುದಿಲ್ಲ. ಒಂದು ಕಡ್ಡಿ ಅಡ್ಡವಿಲ್ಲ, ನಾಲ್ಕೂ ತತ್ತಿಗಳ ಚುಕ್ಕೆ ಚುಕ್ಕೆ ಕಾಣುತ್ತಿದೆ, ಬೆಳಕು ನಿಚ್ಚಳವಾಗಿ ಬಿದ್ದಿದೆ. ಹೊಟ್ಟೆಯ ಮೇಲೆ ಮಲಗಿದರು.

ಹಕ್ಕಿ ದೂರದ ಬದುವಿನಲ್ಲಿ ಇಳಿದು, ಎದ್ದು, ಸುತ್ತು ಹಾಕಿ, ಕೂಗುತ್ತಲೇ ಇತ್ತು. ಅದರ ಕೂಗಿನಲ್ಲಿ ‘ಡಿಡ್ ಹೀ ಡೂ ಇಟ್’, ಅವನೇ ಮಾಡಿದನೇ, ಎಂಬ ಪ್ರಶ್ನೆ ಕೇಳಿಸುತ್ತದೆ ಎಂದು ಇಂಗ್ಲಿಷರು ಹೇಳುತ್ತಾರಂತೆ. ನನಗೆ ಪ್ರಶ್ನೆ ಕೇಳಿಸಲಿಲ್ಲ, ಬೈಗುಳ ಕೇಳಿಸಿತು. ಒಂದು, ಎರಡು, ಐದು ಕ್ಲಿಕ್. ನಾನು ಸಾಕು ಅಂದೆ. ಒಂದೇ ನಿಮಿಷ ಅಂದರು. ಬುತ್ತಿ ಗಂಟು ಹಿಡಿದು ಬದುವಿನ ಮೇಲೆ ನಿಂತಿದ್ದ ನೀಲವ್ವ, ಬಿಸಿಲಿಗೆ ತತ್ತಿ ಕಾಯ್ದು ಹೋಗ್ತಾವ್ರಿ ಸರ, ಎಂದು ಮೆಲ್ಲಗೆ ಅಂದಳು. ಆಯ್ತವ್ವ ಆಯ್ತು ಅಂದರು. (ಫೋಟೋಗ್ರಾಫರನ ಒಂದು ನಿಮಿಷಕ್ಕೂ ದರ್ಜಿಯ ನಾಳೆಗೂ ಹತ್ತಿರದ ಸಂಬಂಧ.)

ರೋಲು ಮುಗಿಯಿತು. ಬದಲಿಸಲು ನೆರಳು ಬೇಕು. ಬದುವಿನ ಬೇವಿನ ಮರದ ಕೆಳಗೆ ಬಂದರು. ನಾನು ಕೊಡೆ ಬಿಚ್ಚಿ ಹಿಡಿದೆ, ಚನ್ನಬಸಪ್ಪ ಚೀಲ ತೆರೆದು ಹಿಡಿದ, ಗಂಗವ್ವ ಕ್ಯಾಮೆರಾದ ಹೊಟ್ಟೆಯಲ್ಲಿ ಏನಿದೆ ಎಂದು ಇಣುಕಿದರು. ಎಲ್ಲರ ಕಣ್ಣೂ ಆ ಡಬ್ಬಿಯ ಮೇಲೆ.

ನೀಲವ್ವ ಮಾತ್ರ ಹೊಲದ ಕಡೆ ನೋಡುತ್ತಿದ್ದಳು. ಅವಳು ಕೂಗಿದ್ದಕ್ಕೆ ನಾವು ತಿರುಗಿದೆವು. ಕಾಗೆಯೊಂದು ಸುಣ್ಣದ ಕಲ್ಲುಗಳ ನಡುವೆ ಇಳಿದಿತ್ತು. ಟಿಟ್ಟಿಭ ಆಚೆಯಿಂದ ಬಾಣದಂತೆ ಬಂತು. ನಮಗೆ ಹೆದರಿ ಅಷ್ಟು ದೂರ ಹೋಗಿತ್ತಲ್ಲ, ಬರುವುದರೊಳಗೆ ಕಾಗೆ ಒಂದು ತತ್ತಿಯನ್ನು ಕೊಕ್ಕಿನಲ್ಲಿ ಹಿಡಿದು ಎದ್ದಾಗಿತ್ತು.

ನೀಲವ್ವ ಬುತ್ತಿ ಗಂಟನ್ನು ಅಲ್ಲೇ ಇಟ್ಟು ಕೂತುಬಿಟ್ಟಳು.

ನನಗೆ ಸಿಟ್ಟು ಬಂತು. ಕಾಗೆ ತನ್ನ ಹೊಟ್ಟೆಪಾಡು ನೋಡಿಕೊಂಡಿತು, ಅದಕ್ಕೆ ಏನು ಹೇಳುವುದು? ಆ ಕೈತೋಟ ಮಾಡಿ ಕಾಗೆಗೆ ಎಲೆ ಹಾಕಿ ಕರೆದವರು ನಾವು. ಆ ಬೆಳಿಗ್ಗೆಯವರೆಗೂ ಆ ಹಕ್ಕಿ ಯಾರ ಕಣ್ಣಿಗೂ ಬೀಳದೆ ನಡು ಬಯಲಿನಲ್ಲಿ ನಾಲ್ಕು ತತ್ತಿ ಕಾಪಾಡಿಕೊಂಡಿತ್ತು. ಅದಕ್ಕೆ ಇದ್ದ ಕೋಟೆ ಅಂದರೆ ಆ ಕಸವೇ.

ಎರಡನೆಯ ರೋಲು ಹಾಕಿದರೆ ನಾನೊಬ್ಬಳೇ ಬಸ್ಸು ಹತ್ತುತ್ತೇನೆ ಎಂದು ಎಲ್ಲರ ಮುಂದೆ ಹೇಳಿದೆ. ಹಾಕಲಿಲ್ಲ. ಕ್ಯಾಮೆರಾವನ್ನು ಚೀಲಕ್ಕೆ ಸೇರಿಸಿ, ಕೂಳೆ ಎಲ್ಲಿ ಎಸೆದಿರಿ ಎಂದು ಕೇಳಿದರು.

ಗಂಗವ್ವನಿಗೆ ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು, ನೋವಾಯಿತು.

‘ನೀವ ಅಂದಿದ್ರಲ್ರಿ ಸರ, ಕಸ ಅಡ್ಡ ಬರತೈತಿ ಅಂತ. ಅದಕ್ಕ ನೀವು ಬರೂ ಹೊತ್ತಿಗೆ ಹಸನ ಮಾಡೇನಿ.’

ನಮ್ಮವರು ತಲೆ ತಗ್ಗಿಸಿದರು. ‘ನಂದ ತಪ್ಪವ್ವ. ನಾ ಹಂಗ ಅನಬಾರದಿತ್ತು,’ ಅಂದರು. ಮದುವೆಯಾಗಿ ಇಷ್ಟು ವರ್ಷವಾಯಿತು, ಆ ಮೊದಲನೆಯ ವಾಕ್ಯವನ್ನು ನಾನು ಅವರ ಬಾಯಿಂದ ಕೇಳಿದ್ದು ಅದೇ ಮೊದಲು. (ಇದನ್ನು ಬರೆಯಲು ಒಪ್ಪಿಗೆ ಪಡೆದಿದ್ದೇನೆ. ಹೆಸರು ಹಾಕಬಾರದೆಂಬ ಷರತ್ತು.)

ಹಾಗೆ ಶುರುವಾಯಿತು ನೋಡಿ, ಹಿಕ್ಕೆ ಹರಡುವ ಕೆಲಸ. ಚನ್ನಬಸಪ್ಪ ಸುಣ್ಣದ ಕಲ್ಲುಗಳನ್ನು ಬುಟ್ಟಿಗೆ ತುಂಬಿ ಒಯ್ದ. ಬದುವಿನ ಆಚೆ ಗುಡ್ಡೆ ಹಾಕಿದ್ದ ಕೂಳೆಯನ್ನು ನಾನು ಹೊತ್ತು ತಂದೆ. ನಮ್ಮವರು ಜೋಡಿಸಿದರು. ತತ್ತಿಗಳನ್ನು ಯಾರೂ ಮುಟ್ಟಲಿಲ್ಲ. ಗಂಗವ್ವ ಸ್ವಲ್ಪ ಹೊತ್ತು ಮುಖ ಬಿಗಿದುಕೊಂಡು ನಿಂತಿದ್ದರು, ಆಮೇಲೆ ಇಳಕಲ್ ಸೀರೆಯ ನೆರಿಗೆ ಎತ್ತಿ ಕಟ್ಟಿ, ಹರಳುಗಳನ್ನು ಮಡಿಲಲ್ಲಿ ತಂದು ಸುರಿದರು. ಎಲ್ಲರೂ ಅವಸರದಲ್ಲಿದ್ದೆವು. ಗುಡಿಸಲು ಬೇಕಾದ ಹೊತ್ತಿಗಿಂತ ಕಸ ಮಾಡಲು ಹೆಚ್ಚು ಹೊತ್ತು ಬೇಕಾಗುತ್ತದೆ ಎಂದು ನನಗೆ ತಿಳಿದಿರಲಿಲ್ಲ.

ಬಳಿಕ ಎಲ್ಲರೂ ಬದು ದಾಟಿ ದೂರ ಹೋಗಿ, ಚನ್ನಬಸಪ್ಪನ ಮನೆಯ ಕಟ್ಟೆಯ ಮೇಲೆ ಕೂತೆವು. ಹಕ್ಕಿ ಇಳಿಯಿತು. ನಾಲ್ಕು ಹೆಜ್ಜೆ ನಡೆದು ನಿಂತಿತು. ತನಗೇನೂ ಸಂಬಂಧವಿಲ್ಲ ಎಂಬಂತೆ ಬೇರೆ ಕಡೆ ನೋಡಿತು. ಮತ್ತೆ ನಡೆಯಿತು, ವಾಪಸು ಓಡಿತು. ಇನ್ನು ಬರುವುದಿಲ್ಲ ಎಂದು ನಾನು ಆಸೆ ಬಿಟ್ಟಿದ್ದಾಗ ಕೂಳೆಯೊಳಗೆ ನುಗ್ಗಿ, ಮೈ ಕೊಡವಿ, ಕೂತಿತು. ಕೂತ ಮೇಲೆ ಅದು ಎಲ್ಲಿದೆ ಎಂದು ನಮಗೆ ಕಾಣಲಿಲ್ಲ. ನೀಲವ್ವನಿಗೆ ಕಾಣುತ್ತಿತ್ತು. ಕುಂತತ್ರಿ, ಅಂದಳು. ನಾವು ರೊಟ್ಟಿ ಮುರಿದದ್ದು ಆಮೇಲೆಯೇ.

ಬಸ್ಸಿನಲ್ಲಿ ನಮ್ಮವರು ಕಿಟಕಿಯ ಕಡೆ ಮುಖ ಮಾಡಿದ್ದರು. ಇದಾದ ಮೇಲೆ ಒಂದಿಷ್ಟು ಬದಲಾಗಿದ್ದಾರೆ, ಹೇಳಿಬಿಡಬೇಕು. ಹೈಪೊ ನೀರು ಈಗ ಹಿತ್ತಲಿಗೆ ಹೋಗುವುದಿಲ್ಲ, ಕ್ಯಾನಿನಲ್ಲಿ ತುಂಬಿ ಕಾಲೇಜಿನ ಲ್ಯಾಬಿಗೆ ಒಯ್ಯುತ್ತಾರೆ, ಅದರಿಂದ ಬೆಳ್ಳಿ ತೆಗೆಯಬಹುದಂತೆ. (ಬೆಳ್ಳಿ ಇನ್ನೂ ಮನೆಗೆ ಬಂದಿಲ್ಲ.) ಹೋದ ವಾರ ಹಾನಗಲ್ಲಿನ ಕೆರೆಗೆ ಹೋದಾಗ ಗೆಳೆಯರೊಬ್ಬರು ಕಲ್ಲು ಎತ್ತಿಕೊಂಡರೆ ಇವರು ಕೈ ಹಿಡಿದು ಇಳಿಸಿದರಂತೆ. ಸುಟ್ಟ ಬಲ್ಬಿಗೆಂದು ಒಂದು ಹಳೆಯ ಬಿಸ್ಕತ್ತಿನ ಡಬ್ಬಿ ಚೀಲ ಸೇರಿದೆ. ಇಷ್ಟನ್ನು ಮಾಡಲು ಪ್ರಕೃತಿ ಪ್ರೇಮ ಬೇಕಿಲ್ಲ, ಬೇರೆಯವರ ಮನೆಗೆ ಬಂದಿದ್ದೇವೆ ಎಂಬ ನೆನಪು ಸಾಕು. ಮತ್ತು ಆ ಮನೆಯಲ್ಲಿ ನಿಂತು ಏನು ಗೊಣಗುತ್ತೇವೆ ಎಂಬುದರ ಮೇಲೂ ಒಂದು ಕಣ್ಣಿರಲಿ.

ಆದರೆ ಆ ಮೊದಲ ರೋಲು? ಅದನ್ನು ತೊಳೆದರು. ಅದರಲ್ಲೊಂದು ನಿಜಕ್ಕೂ ಚೆನ್ನಾಗಿ ಬಂದಿತ್ತು. ಕಾಗೆ ಬರುವ ಮುಂಚಿನದು, ನಾಲ್ಕೂ ತತ್ತಿ ಇರುವಂಥದು. ಸುಣ್ಣದ ಕಲ್ಲುಗಳು ಅಂಚಿನಲ್ಲಿದ್ದುದರಿಂದ ಪ್ರಿಂಟ್ ಹಾಕುವಾಗ ಕತ್ತರಿಸಿಹೋದವು. ಗೆಳೆಯರೊಬ್ಬರು ನೋಡಿ, ಇವರು ಬೇಡವೆಂದರೂ ಕೇಳದೆ ಒಯ್ದು ಹುಬ್ಬಳ್ಳಿಯ ಒಂದು ಸ್ಪರ್ಧೆಗೆ ಕೊಟ್ಟರು. (ಎಷ್ಟು ಜೋರಾಗಿ ಬೇಡವೆಂದರು ಎಂದು ನಾನು ಕೇಳಿಲ್ಲ.) ಮೊದಲ ಬಹುಮಾನ ಬಂತು. ಮನುಷ್ಯನ ಕೈ ಸೋಕದ ನಿಸರ್ಗ ಎಂದು ತೀರ್ಪುಗಾರರು ಹೊಗಳಿದರಂತೆ. ಹೌದು, ಕೈ ಸೋಕಿಲ್ಲ. ಪೊರಕೆ ಸೋಕಿದೆ.

ಒಂದು ಪ್ರಿಂಟನ್ನು ಗಂಗವ್ವನಿಗೆ ಕೊಡದೆ ಇರಲಾಗಲಿಲ್ಲ. ಮೊನ್ನೆ ಹೋಗಿದ್ದೆವು. ಮಳೆ ಬಿದ್ದು ಬಿತ್ತಿಗೆ ಮುಗಿದಿತ್ತು. ಉಳಿದ ಮೂರೂ ತತ್ತಿ ಒಡೆದು, ಮರಿಗಳು ತಾಯಿಯ ಹಿಂದೆ ಸಾಲಿನಲ್ಲಿ ಓಡಾಡಿ, ಪಕ್ಕದ ಹೊಲಕ್ಕೆ ಹೋದವೆಂದು ಚನ್ನಬಸಪ್ಪ ಹೇಳಿದ. ಕೇಳಿ ನಮ್ಮವರು ಕಟ್ಟೆಯ ಮೇಲೆ ಹಗುರಾಗಿ ಕೂತರು. ಮರಿಗಳ ಫೋಟೋ ತೆಗೆಯೋಣವೇ ಎಂಬ ಮಾತು ಅವರ ಬಾಯಿಂದ ಬರಲಿಲ್ಲ. ಕ್ಯಾಮೆರಾವನ್ನು ಮನೆಯಲ್ಲೇ ಬಿಟ್ಟು ಬಂದಿದ್ದರು.

ಗಂಗವ್ವ ಫೋಟೋವನ್ನು ಬೆಳಕಿಗೆ ಹಿಡಿದು ಉದ್ದಕ್ಕೂ ಅಡ್ಡಕ್ಕೂ ಹುಡುಕಿ, ನನ್ನ ಕಲ್ಲು ಎಲ್ಲಿ ಹೋದವ್ರಿ ಎಂದು ಕೇಳಿದರು. ಸುಣ್ಣ ಹಚ್ಚಿದ್ದೆಲ್ಲ ದಂಡವಾಯಿತು ಎಂದು ಅವರಿಗೆ ಬೇಸರ.

ನೀಲವ್ವ ಮರುದಿನ ತವರಿಗೆ ಹೊರಡುವವಳು, ಹೆರಿಗೆಗೆ. ಅತ್ತೆಯ ಕೈಯಿಂದ ಫೋಟೋ ಇಸಿದುಕೊಂಡು ಬಹಳ ಹೊತ್ತು ನೋಡಿದಳು. ಆಮೇಲೆ ನಮ್ಮವರನ್ನೇ ಕೇಳಿದಳು:

‘ಚಲೋ ಬಂದೈತ್ರಿ ಸರ. ಆದ್ರ ಇದರಾಗ ಈ ತತ್ತಿಗಳ ಅವ್ವ ಎಲ್ಲಿ ಅದಾಳ್ರಿ?’